ಸೋಯಾ ಚರಟದಿಂದ ಗೆಂಬುಸ್, ಒಂಚೊಮ್: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಸೋಯಾ ಹಾಲು ಮಾಡುವವರಿಗೆ ಈ ಗೋಳು ಗೊತ್ತು. ಕಾಲು ಕಿಲೋ ಕಾಳು ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿದರೆ ಸುಮಾರು 300 ಗ್ರಾಂ ಒದ್ದೆ ಚರಟ ಉಳಿಯುತ್ತದೆ. ಒಂದು ದಿನ ರೊಟ್ಟಿಗೆ ಕಲಸುತ್ತೇವೆ, ಇನ್ನೊಂದು ದಿನ ವಡೆಗೆ ಸೇರಿಸುತ್ತೇವೆ, ಮೂರನೇ ದಿನ ಅದು ಹುಳಿ ನಾತ ಹೊಡೆದು ಗಿಡದ ಬುಡ ಸೇರುತ್ತದೆ. ಇಂಡೊನೇಷ್ಯಾದ ಜಾವಾ ದ್ವೀಪದ ಜನ ಇದೇ ಚರಟಕ್ಕೆ ಹೆಪ್ಪು ಹಾಕಿ, ಬಾಣಲೆಗೆ ಬೀಳುವ ಹೊತ್ತಿಗೆ ಘಮ್ಮೆನ್ನುವ ಊಟ ಮಾಡಿಕೊಂಡಿದ್ದಾರೆ. ನಾಲ್ಕು ವರ್ಷದಿಂದ ನಾನೂ ಮಾಡುತ್ತಿದ್ದೇನೆ. ಕೇಳಿದವರಿಗೆಲ್ಲ ಬಾಯಲ್ಲಿ ಹೇಳುತ್ತಿದ್ದದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಏನನ್ನೂ ಮಾಡುವ ಮುಂಚೆ, ಕಾಯಿ ಚರಟದ ಪ್ರಶ್ನೆಗೆ ಕೊಟ್ಟ ಉತ್ತರವನ್ನು ದಯವಿಟ್ಟು ಓದಿ.

ಒಂಚೊಮ್ ಎಂದರೇನು? ಟೆಂಪೆಯೇ ಬೇರೆಯೇ?

ಬೇರೆ. ಟೆಂಪೆ ಎಂದರೆ ಬೆಂದ ಸೋಯಾ ಕಾಳಿಗೆ ಶಿಲೀಂಧ್ರದ ಹೆಪ್ಪು ಹಾಕಿ ಗಟ್ಟಿಯಾಗಿಸಿದ ತಿನಿಸು, ಅದಕ್ಕೆ ಇಡೀ ಕಾಳು ಬೇಕು. ಒಂಚೊಮ್‌ಗೆ ಕಾಳಿನಿಂದ ಹಾಲನ್ನೋ ಎಣ್ಣೆಯನ್ನೋ ತೆಗೆದ ಮೇಲೆ ಉಳಿದದ್ದು ಸಾಕು. ಇದು ಪಶ್ಚಿಮ ಜಾವಾದ ಸುಂಡಾ ಜನರ ತಿನಿಸು. ಬಂಡುಂಗ್, ಬೋಗೊರ್, ತಾಸಿಕ್‌ಮಲಾಯ ಕಡೆಯ ಸಂತೆಗಳಲ್ಲಿ ಇಟ್ಟಿಗೆಯಂಥ ತುಂಡುಗಳಾಗಿ ಮಾರುತ್ತಾರೆ.

ಅದರಲ್ಲಿ ಎರಡು ಬಗೆ. ಸೋಯಾ ಚರಟದ ಮೇಲೆ ನ್ಯೂರೊಸ್ಪೊರಾ ಎಂಬ ಶಿಲೀಂಧ್ರ ಬೆಳೆಸಿದರೆ ಕೆಂಪು ಒಂಚೊಮ್. ಹೆಸರಿಗೆ ಕೆಂಪು, ನೋಡಲು ಮಾಗಿದ ಕಿತ್ತಳೆಯ ಬಣ್ಣ. ಶೇಂಗಾ ಹಿಂಡಿಯ ಮೇಲೆ ಟೆಂಪೆಯದೇ ಶಿಲೀಂಧ್ರವಾದ ರೈಜೋಪಸ್ ಬೆಳೆಸಿದರೆ ಕಪ್ಪು ಒಂಚೊಮ್. ಇದು ಬೂದಿ ಬಣ್ಣಕ್ಕೆ ತಿರುಗಿರುತ್ತದೆ.

ಸುಂಡಾ ಜನರಿಗೆ ಒಂಚೊಮ್ ಎಷ್ಟು ಹತ್ತಿರದ್ದೆಂದರೆ, ಏನೂ ತಿಳಿಯದವನನ್ನು ‘ಒಂಚೊಮ್ ಕೂಡ ಗೊತ್ತಿಲ್ಲದವನು’ ಎಂದು ಆಡಿಕೊಳ್ಳುತ್ತಾರೆ.

ಹಾಗಾದರೆ ಗೆಂಬುಸ್ ಯಾವುದು?

ಸೋಯಾ ಚರಟಕ್ಕೆ ರೈಜೋಪಸ್ ಹೆಪ್ಪು ಹಾಕಿದರೆ ಗೆಂಬುಸ್. ಇದು ಮಧ್ಯ ಜಾವಾದ್ದು. ಪೂರ್ವ ಜಾವಾದ ಮಲಾಂಗ್ ಕಡೆ ಇಂಥದ್ದಕ್ಕೇ ಮೆಂಜೆಸ್ ಎನ್ನುತ್ತಾರೆ. ಟೆಂಪೆಗಿಂತ ಮೆತ್ತಗೆ, ಹಗುರ, ಒಳಗೆ ಸ್ಪಂಜಿನ ಹಾಗೆ. ಸೊಲೊ ಊರಿನಲ್ಲಿ ಗೆಂಬುಸ್ ತುಂಡುಗಳನ್ನು ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಡುವ ತಿಂಡಿಗೆ ಸಾತೆ ಕೆರೆ ಎಂದು ಹೆಸರು. ‘ಕೆರೆ’ ಎಂದರೆ ಬಡವ. ಮಾಂಸ ಕೊಳ್ಳಲಾಗದವರು ಚರಟದಿಂದ ಮಾಡಿಕೊಂಡ ಸಾತೆಯನ್ನು ಈಗ ಎಲ್ಲರೂ ಹುಡುಕಿಕೊಂಡು ಹೋಗಿ ತಿನ್ನುತ್ತಾರೆ.

ಹೊಸಬರು ಗೆಂಬುಸ್‌ನಿಂದಲೇ ಶುರು ಮಾಡಿ. ಹೆಪ್ಪು ಸುಲಭವಾಗಿ ಸಿಗುತ್ತದೆ, ಕೆಟ್ಟರೆ ಕಣ್ಣಿಗೂ ಮೂಗಿಗೂ ತಕ್ಷಣ ತಿಳಿಯುತ್ತದೆ, ಅಡುಗೆಮನೆ ತುಂಬ ಕಿತ್ತಳೆ ಪುಡಿ ಹಾರುವುದಿಲ್ಲ.

ಹಿಂಡಿ ಬಿಸಾಡುವ ಚರಟದಲ್ಲಿ ಸತ್ವ ಏನು ಉಳಿದಿರುತ್ತದೆ?

ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಹಸಿ ಚರಟದಲ್ಲಿ ಮುಕ್ಕಾಲು ಪಾಲು ನೀರು. ಆ ನೀರನ್ನು ಬಿಟ್ಟು ಲೆಕ್ಕ ಹಾಕಿದರೆ ಸುಮಾರು ಕಾಲು ಭಾಗ ಪ್ರೋಟೀನು, ಹತ್ತನೇ ಒಂದು ಭಾಗ ಕೊಬ್ಬು, ಅರ್ಧದಷ್ಟು ನಾರು. ಈ ನಾರೇ ತೊಡಕು: ಹಾಗೇ ತಿಂದರೆ ಬಾಯಿಗೆ ಮರದ ಹೊಟ್ಟಿನಂತೆ, ಹೊಟ್ಟೆಗೆ ಭಾರ. ಶಿಲೀಂಧ್ರದ ಎಳೆಗಳು ನಾರಿನೊಳಗೆ ನುಗ್ಗಿ ಅದನ್ನು ಸ್ವಲ್ಪ ಒಡೆಯುತ್ತವೆ, ಪ್ರೋಟೀನನ್ನೂ ಬಿಡಿಸುತ್ತವೆ. ಗೆಂಬುಸ್ ಕರಿದಾಗ ಮೂಗಿಗೆ ಅಣಬೆಯನ್ನು ನೆನಪಿಸುವ ಘಮ ಬರುತ್ತದೆ.

ಹೆಪ್ಪು ಎಂದರೆ ಯಾವುದು? ‘ರಾಗಿ’ ಹಾಕಿ ಎನ್ನುತ್ತಾರಲ್ಲ?

ಇಂಡೊನೇಷ್ಯಾದ ಭಾಷೆಯಲ್ಲಿ ಇಂಥ ಹೆಪ್ಪಿಗೆ ‘ರಾಗಿ’ ಎಂದೇ ಹೆಸರು. ನಮ್ಮ ಮುದ್ದೆಯ ರಾಗಿಗೂ ಇದಕ್ಕೂ ಸಂಬಂಧವಿಲ್ಲ. ಹೆಸರು ಕೇಳಿ ರಾಗಿ ಹಿಟ್ಟು ಬೆರೆಸಿ, ಏನೂ ಆಗಲಿಲ್ಲ ಎಂದು ಬೇಸರಪಟ್ಟವರನ್ನು ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತೇನೆ.

ಹಿಂದೆ ಜಾವಾದಲ್ಲಿ ಹೆಪ್ಪನ್ನು ಎಲೆಯಲ್ಲಿ ಕಾಪಾಡುತ್ತಿದ್ದರು. ವಾರು ಎಂಬ, ದಾಸವಾಳದ ಜಾತಿಗೆ ಸೇರಿದ ಮರದ ಎಲೆಯ ಅಡಿಬದಿಯಲ್ಲಿ ನವಿರು ರೋಮಗಳಿರುತ್ತವೆ. ಟೆಂಪೆ ಕಟ್ಟುವಾಗ ಆ ಎಲೆಗಳನ್ನು ಕಾಳಿಗೆ ತಾಗುವಂತೆ ಇಟ್ಟರೆ ಶಿಲೀಂಧ್ರದ ಬೀಜಕಣ ರೋಮಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಒಣಗಿಸಿಟ್ಟ ಎಲೆಯನ್ನು ಮುಂದಿನ ಸಲ ಕಾಳಿನ ಮೇಲೆ ಉಜ್ಜಿದರೆ ಆಯಿತು. ಅದಕ್ಕೆ ಉಸಾರ್ ಎನ್ನುತ್ತಾರೆ. ನಿನ್ನೆಯ ಮೊಸರಿನಿಂದ ಇಂದಿನ ಹಾಲು ಹೆಪ್ಪುಗಟ್ಟಿಸುವ ನಮಗೆ ಇದು ತಕ್ಷಣ ಅರ್ಥವಾಗುತ್ತದೆ.

ನೀವು ಮಾತ್ರ ಪೊಟ್ಟಣದ ಹೆಪ್ಪು ಕೊಳ್ಳಿ. ಇಂಡೊನೇಷ್ಯಾದಲ್ಲಿ ರಾಪ್ರಿಮಾ ಹೆಸರಿನದು ಎಲ್ಲೆಡೆ ಸಿಗುತ್ತದೆ. ನಮ್ಮಲ್ಲಿ ‘ಟೆಂಪೆ ಸ್ಟಾರ್ಟರ್’ ಎಂದು ಆನ್‌ಲೈನಿನಲ್ಲಿ ಹುಡುಕಿ. ತಂದ ಮೇಲೆ ತೇವ ತಾಗದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ.

ಗೆಂಬುಸ್ ಮಾಡುವುದು ಹೇಗೆ?

ಅರ್ಧ ಕಿಲೋ ಚರಟದ ಲೆಕ್ಕ ಹೇಳುತ್ತೇನೆ.

ಮೊದಲು ಹಿಂಡುವುದು. ಹಾಲು ತೆಗೆದಾಗಲೇ ಹಿಂಡಿದ್ದೇನೆ ಎನ್ನಬೇಡಿ, ಇನ್ನೊಮ್ಮೆ ಹಿಂಡಿ. ಹಳೆ ಪಂಚೆಯ ಬಟ್ಟೆಯಲ್ಲಿ ಗಂಟು ಕಟ್ಟಿ, ಮಣೆಯ ಮೇಲಿಟ್ಟು, ಮೇಲೊಂದು ಭಾರದ ಒರಳುಗುಂಡು ಹೇರಿ ಒಂದು ಗಂಟೆ ಬಿಡಿ. ಆಮೇಲೆ ಒಂದು ಹಿಡಿ ಚರಟವನ್ನು ಮುಷ್ಟಿಯಲ್ಲಿ ಒತ್ತಿ ನೋಡಿ: ಬೆರಳ ಸಂದಿಯಲ್ಲಿ ನೀರು ಜಿನುಗಬಾರದು, ಮುಷ್ಟಿ ಬಿಚ್ಚಿದರೆ ಉಂಡೆ ನಿಲ್ಲಬೇಕು, ಬೆರಳಿನಿಂದ ತಟ್ಟಿದರೆ ಪುಡಿಯಾಗಬೇಕು. ಅವಲಕ್ಕಿ ನೆನೆಸಿ ಹಿಂಡುವವರ ಕೈಗೆ ಈ ಹದ ಗೊತ್ತು. ಮೊದಲ ವರ್ಷ ನನ್ನ ಚರಟ ಹಾಳಾದದ್ದೆಲ್ಲ ಹೆಚ್ಚು ಕಡಿಮೆ ಇಲ್ಲೇ. ನೀರು ಉಳಿದರೆ ಶಿಲೀಂಧ್ರಕ್ಕೆ ಉಸಿರು ಕಟ್ಟುತ್ತದೆ, ಬ್ಯಾಕ್ಟೀರಿಯಾ ಮೇಲುಗೈ ಪಡೆದು ಲೋಳೆ ಕಟ್ಟುತ್ತದೆ.

ಎರಡನೆಯದು ಹಬೆ. ಇಡ್ಲಿ ಪಾತ್ರೆಯಲ್ಲೋ ಕಡುಬಿನ ಪಾತ್ರೆಯಲ್ಲೋ ಬಟ್ಟೆ ಹಾಸಿ, ಚರಟವನ್ನು ಸಡಿಲವಾಗಿ ಹರವಿ, ನೀರು ಕುದಿಯಲು ಶುರುವಾದ ಮೇಲೆ 45 ನಿಮಿಷ ಬೇಯಿಸಿ. ಕಾಳನ್ನು ಹಸಿಯಾಗಿಯೇ ರುಬ್ಬಿ ಹಿಂಡಿ, ಹಾಲನ್ನು ಮಾತ್ರ ಕಾಯಿಸುವ ಪದ್ಧತಿ ನಿಮ್ಮದಾದರೆ ಚರಟ ಇನ್ನೂ ಹಸಿಯೇ. ಪೂರ್ತಿ ಒಂದು ಗಂಟೆ ಬೇಯಿಸಿ. ಹಸಿ ಸೋಯಾದಲ್ಲಿ ಜೀರ್ಣಕ್ಕೆ ಅಡ್ಡ ಬರುವ ಅಂಶಗಳಿವೆ, ಅವು ಬೆಂದರೇ ಹೋಗುವುದು.

ಬೆಂದದ್ದನ್ನು ಅಗಲ ತಟ್ಟೆಗೆ ಸುರಿದು, ಶುದ್ಧವಾದ ಚಮಚದಿಂದ ಕೆದಕಿ ಆರಿಸಿ. ಹಬೆಯ ತೇವವೂ ಹಾರಲಿ. ಒಂದು ಚಮಚ ವಿನೆಗರ್ ಚಿಮುಕಿಸಿ ಕಲಸಿ; ಈ ಸಣ್ಣ ಹುಳಿ ಬೇಡದ ಬ್ಯಾಕ್ಟೀರಿಯಾವನ್ನು ದೂರ ಇಡುತ್ತದೆ. ಚರಟ ಕೈಗೆ ಉಗುರು ಬೆಚ್ಚಗಿಂತ ಬಿಸಿ ಇರಬಾರದು, ಬಿಸಿ ಇದ್ದರೆ ಹೆಪ್ಪು ಸಾಯುತ್ತದೆ. ಸುಮಾರು 1 ಗ್ರಾಂ ಹೆಪ್ಪನ್ನು, ಪೊಟ್ಟಣದ ಮೇಲೆ ಬೇರೆ ಅಳತೆ ಬರೆದಿದ್ದರೆ ಅಷ್ಟನ್ನು, ಹುರಿದು ಆರಿಸಿದ ಒಂದು ಚಮಚ ಅಕ್ಕಿ ಹಿಟ್ಟಿನಲ್ಲಿ ಬೆರೆಸಿ ಉದುರಿಸಿ. ಎರಡು ಮೂರು ನಿಮಿಷ ಚೆನ್ನಾಗಿ ಕಲಸಿ.

ಆಮೇಲೆ ಕಟ್ಟುವುದು. ಬಾಳೆ ಎಲೆ ಬಾಡಿಸಿ ಕಡುಬಿನಂತೆ ಕಟ್ಟಿದರೆ ಎಲೆಯ ವಾಸನೆ ಗೆಂಬುಸ್‌ಗೆ ಇಳಿಯುತ್ತದೆ. ಜಿಪ್ ಚೀಲವೂ ಆಗಬಹುದು, ಆದರೆ ದಬ್ಬಣದಿಂದ ಎರಡೂ ಕಡೆ ಒಂದೊಂದು ಸೆಂಟಿಮೀಟರಿಗೆ ತೂತು ಚುಚ್ಚಿ. ದಪ್ಪ 2ರಿಂದ 3 ಸೆಂಟಿಮೀಟರ್ ಮೀರಬಾರದು, ತೀರ ಅದುಮಿ ತುಂಬಲೂಬಾರದು. ತಂತಿ ಜಾಲರಿಯ ಮೇಲಿಡಿ, ಅಡಿಯಿಂದಲೂ ಗಾಳಿ ಆಡಲಿ. 30 ಡಿಗ್ರಿ ಆಸುಪಾಸಿನ ಬೆಚ್ಚಗಿನ ಜಾಗದಲ್ಲಿ 24ರಿಂದ 36 ಗಂಟೆ.

ಆಗಿದೆ ಎಂದು ಹೇಗೆ ತಿಳಿಯುವುದು?

ಹನ್ನೆರಡು ಗಂಟೆಯವರೆಗೆ ಏನೂ ಕಾಣುವುದಿಲ್ಲ, ಚೀಲದ ಒಳಗೆ ಸ್ವಲ್ಪ ಬೆವರು ಮಾತ್ರ. ಹದಿನೈದು ಹದಿನಾರನೇ ಗಂಟೆಗೆ ಕೈ ಇಟ್ಟರೆ ಪೊಟ್ಟಣ ತಾನೇ ಬಿಸಿಯಾಗಿರುತ್ತದೆ, ಜ್ವರ ಬಂದ ಮಗುವಿನ ಹಣೆಯ ಹಾಗೆ. ಶಿಲೀಂಧ್ರ ಬದುಕಿ ಬೆಳೆಯುತ್ತಿದೆ ಎಂಬುದಕ್ಕೆ ಅದೇ ಗುರುತು. ಮರುದಿನ ಬಿಚ್ಚಿದರೆ ಮೇಲೆಲ್ಲ ಹತ್ತಿಯಂಥ ಬಿಳಿ ಹೊದಿಕೆ, ಎತ್ತಿದರೆ ಇಡೀ ತುಂಡು ಒಂದೇ ಹಲಗೆಯಾಗಿ ಬರುತ್ತದೆ, ಮುರಿದರೆ ಅಂಚಿನಲ್ಲಿ ಎಳೆಗಳು ಕಾಣುತ್ತವೆ. ವಾಸನೆ ಮಳೆಗಾಲದ ಹೊಸ ಅಣಬೆಯದು.

ತೂತಿನ ಸುತ್ತ ಬೂದು ಅಥವಾ ಕಪ್ಪು ಚುಕ್ಕೆ ಕಂಡರೆ ಹೆದರಬೇಡಿ, ಅದು ರೈಜೋಪಸ್‌ನದೇ ಬೀಜಕಣ. ಸ್ವಲ್ಪ ತಡವಾಗಿ ತೆಗೆದಿದ್ದೀರಿ, ಅಷ್ಟೇ. ಹಸಿರು, ಹಳದಿ, ಗುಲಾಬಿ ಬಣ್ಣ ಕಂಡರೆ, ಮುಟ್ಟಿದರೆ ಲೋಳೆ ಎಳೆ ಬಂದರೆ, ಮೂಗಿಗೆ ಅಮೋನಿಯಾ ಹೊಡೆದರೆ ಪೂರ್ತಿ ಎಸೆಯಿರಿ. ಕೆಟ್ಟ ಭಾಗ ಕತ್ತರಿಸಿ ಉಳಿದದ್ದು ತಿನ್ನುವ ಉಳಿತಾಯ ಬೇಡ. ರುಚಿ ನೋಡಿ ಪರೀಕ್ಷಿಸುವುದೂ ಬೇಡ.

ನಮ್ಮೂರ ಹವೆಯಲ್ಲಿ ಆಗುತ್ತದೆಯೇ?

ಮಂಗಳೂರು, ಕಾರವಾರದವರಿಗೆ ವರ್ಷದ ಬಹುಪಾಲು ಏನೂ ಮಾಡಬೇಕಿಲ್ಲ. ಜಾವಾದ ಬಯಲಿನ ಹವೆ ಹೆಚ್ಚೂಕಡಿಮೆ ಅದೇ. ಬೆಂಗಳೂರು, ಮೈಸೂರು, ಮಡಿಕೇರಿಯ ಚಳಿಗಾಲದ ರಾತ್ರಿಗೆ ಥರ್ಮೊಕೋಲ್ ಡಬ್ಬಿಯಲ್ಲಿ ಬಿಸಿನೀರಿನ ಬಾಟಲಿಯ ಜೊತೆ ಇಡಿ. ಮುಚ್ಚಳ ಬೆರಳಷ್ಟು ತೆರೆದಿರಲಿ. ಪೊಟ್ಟಣ ತಾನೇ ಬಿಸಿಯಾದ ಮೇಲೆ ಬಾಟಲಿ ತೆಗೆದುಬಿಡಿ, ಇಲ್ಲವಾದರೆ ತನ್ನ ಶಾಖಕ್ಕೆ ತಾನೇ ಬೇಯುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ತೊಂದರೆ ತಿರುವುಮುರುವು: ಮನೆಯ ತಂಪಾದ ಮೂಲೆ ಹುಡುಕಿ, ಪೊಟ್ಟಣ ಇನ್ನೂ ತೆಳ್ಳಗೆ ಕಟ್ಟಿ.

ಕೆಂಪು ಒಂಚೊಮ್ ಮನೆಯಲ್ಲೇ ಮಾಡಬಹುದೇ?

ಸುಂಡಾ ಮನೆತನಗಳ ಕ್ರಮ ಹೀಗಿದೆ: ಚರಟವನ್ನು ಹಿಂಡಿ, ಬೇಯಿಸಿ, ಕೆಲವೊಮ್ಮೆ ಮರಗೆಣಸಿನ ಹಿಟ್ಟು ಸೇರಿಸಿ, ಬಿದಿರಿನ ತಟ್ಟೆಗಳ ಮೇಲೆ ಚೌಕವಾಗಿ ಹರವುತ್ತಾರೆ. ಹಿಂದಿನ ಒಂಚೊಮ್ ಪುಡಿಯನ್ನು ಮೇಲೆ ಉದುರಿಸಿ ಮುಚ್ಚಿಡುತ್ತಾರೆ. ಎಳೆ ಹಬ್ಬಿದ ಮೇಲೆ ಹೊದಿಕೆ ತೆಗೆದು ಗಾಳಿ ಬೆಳಕಿಗೆ ಬಿಡುತ್ತಾರೆ. ಆಗ ಮೇಲ್ಮೈಯಲ್ಲಿ ಕಿತ್ತಳೆ ಬಣ್ಣದ ಪುಡಿ ಅರಳುತ್ತದೆ. ಒಟ್ಟು ಎರಡು ಮೂರು ದಿನದ ಕೆಲಸ. ಆ ಬಣ್ಣ ಕ್ಯಾರೆಟ್ಟಿನಲ್ಲಿರುವ ಕುಲದ್ದೇ, ಕೆರೊಟಿನಾಯ್ಡು. ಅದು ತುಂಬಿ ಬರಲು ಬೆಳಕು ಬೇಕು. ಜಾವಾದ ಈ ಶಿಲೀಂಧ್ರದ ಬಗ್ಗೆ ಡಚ್ ಸಸ್ಯವಿಜ್ಞಾನಿ ವೆಂಟ್ 1901ರಲ್ಲೇ ಬರೆದಿದ್ದರು. ಇದರ ಸೋದರ ಜಾತಿಯನ್ನು ಇಟ್ಟುಕೊಂಡು ಅಮೆರಿಕದ ವಿಜ್ಞಾನಿಗಳಾದ ಬೀಡಲ್ ಮತ್ತು ಟೇಟಮ್ ಜೀನುಗಳು ಜೀವಕೋಶದ ರಾಸಾಯನಿಕ ಕೆಲಸವನ್ನು ಹೇಗೆ ನಡೆಸುತ್ತವೆ ಎಂದು ತೋರಿಸಿ 1958ರ ನೊಬೆಲ್ ಹಂಚಿಕೊಂಡರು. 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಒಂಚೊಮ್‌ನ ನ್ಯೂರೊಸ್ಪೊರಾ ಸೋಯಾ ಚರಟದ ನಾರನ್ನು ಒಡೆದು ತಿನ್ನಲು ಯೋಗ್ಯವಾಗಿಸುವ ಬಗೆಯನ್ನು ವಿವರಿಸಿದೆ. ಸಂತೆಯಲ್ಲಿ ಮೂಲೆಯ ಬುಟ್ಟಿಯಲ್ಲಿ ಕೂತ ತಿನಿಸಿಗೆ ಈ ಗೌರವ ಸಿಕ್ಕಿದ್ದು ನನಗೆ ನಿಜವಾಗಿ ಸಂತೋಷದ ವಿಷಯ.

ಆದರೂ ಮನೆಯ ಅಡುಗೆಮನೆಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ಆ ಕಿತ್ತಳೆ ಪುಡಿ ಉಸಿರು ತಾಗಿದರೂ ಹಾರುತ್ತದೆ. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಬೇಕರಿಗಳ ಬ್ರೆಡ್ಡನ್ನು ಹಾಳು ಮಾಡಿದ ಕಿತ್ತಳೆ ಬೂಷ್ಟು ಇದೇ ಕುಲದ್ದು. ಒಮ್ಮೆ ಮನೆ ಹೊಕ್ಕರೆ ಬ್ರೆಡ್ಡು, ಬೆಂದ ಜೋಳದ ತೆನೆ, ಯಾವುದನ್ನೂ ಬಿಡುವುದಿಲ್ಲ. ಆಸ್ತಮಾ ಇರುವವರು ಹತ್ತಿರ ಸುಳಿಯದಿರುವುದೇ ಒಳ್ಳೆಯದು. ಇನ್ನೊಂದು ಮಾತು: ತೆನೆಯ ಮೇಲೋ ಬ್ರೆಡ್ಡಿನ ಮೇಲೋ ಕಂಡ ಕಿತ್ತಳೆ ಬೂಷ್ಟನ್ನು ಹೆಪ್ಪು ಎಂದು ಯಾವತ್ತೂ ಬಳಸಬೇಡಿ. ಬಣ್ಣ ನೋಡಿ ಶಿಲೀಂಧ್ರದ ಜಾತಿ ಹೇಳಲಾಗದು.

ನಮ್ಮಲ್ಲಿ ಕಾಯಿ ಹಾಲು ತೆಗೆದ ಚರಟ ಬೇಕಾದಷ್ಟಿದೆ. ಅದರಿಂದ ಮಾಡಬಹುದೇ?

ಬೇಡ. ಒಂದು ಹಿಡಿಯನ್ನೂ ಬೆರೆಸಬೇಡಿ. ಪಾಯಸಕ್ಕೆ, ಗಸಿಗೆ ದಿನವೂ ಕಾಯಿ ಹಿಂಡುವ ಕರಾವಳಿಯ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆಯೇ ಇದು, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಮಧ್ಯ ಜಾವಾದ ಬಾನ್ಯುಮಾಸ್ ಸೀಮೆಯಲ್ಲಿ ಕೊಬ್ಬರಿ ಹಿಂಡಿ ಮತ್ತು ಕಾಯಿ ಚರಟದಿಂದ ಟೆಂಪೆ ಬೊಂಗ್‌ಕ್ರೆಕ್ ಎಂಬುದನ್ನು ಮಾಡುತ್ತಿದ್ದರು. ಅಗ್ಗದ್ದು, ಬಡವರ ಊಟ. ಹೆಪ್ಪು ಚೆನ್ನಾಗಿ ಹಿಡಿದ ದಿನ ಏನೂ ಆಗುತ್ತಿರಲಿಲ್ಲ. ಹೆಪ್ಪು ಸೋತ ದಿನ ಬರ್ಕ್‌ಹೋಲ್ಡೇರಿಯಾ ಎಂಬ ಬ್ಯಾಕ್ಟೀರಿಯಾ ಆ ಕಾಯಿಯ ಕೊಬ್ಬಿನ ಮೇಲೆ ಬೆಳೆದು ಬೊಂಗ್‌ಕ್ರೆಕಿಕ್ ಆಮ್ಲ ಎಂಬ ವಿಷ ಮಾಡುತ್ತಿತ್ತು. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಕುದಿಸಿದರೂ ಕರಿದರೂ ಹೋಗುವುದಿಲ್ಲ. ನಮ್ಮ ಜೀವಕೋಶಗಳಲ್ಲಿ ಶಕ್ತಿ ತಯಾರಾಗಿ ಹೊರಬರುವ ಬಾಗಿಲನ್ನೇ ಅದು ಮುಚ್ಚುತ್ತದೆ. ತಿಂದ ಕೆಲವು ಗಂಟೆಗಳಲ್ಲಿ ಹೊಟ್ಟೆನೋವು, ವಾಂತಿ, ತಲೆಸುತ್ತು, ಆಮೇಲೆ ಎಚ್ಚರ ತಪ್ಪುವುದು. ಇದಕ್ಕೆ ಮದ್ದಿಲ್ಲ. ವರ್ಷ ವರ್ಷವೂ ಜನ ಸತ್ತರು, ಒಂದೇ ಮನೆಯಲ್ಲಿ ಹಲವರು ಸತ್ತದ್ದುಂಟು. 1988ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು.

ಸೋಯಾ ಚರಟಕ್ಕೆ ಹೆಪ್ಪು ಹಾಕುವ ದಿನ ಕಾಯಿ ತುರಿಯುವ ಮಣೆ, ಕಾಯಿ ಹಿಂಡಿದ ಬಟ್ಟೆ ಕೂಡ ಅದರ ಹತ್ತಿರ ಬರದಂತೆ ನೋಡಿಕೊಳ್ಳುತ್ತೇನೆ. ಗೆಂಬುಸ್ ಆದ ಮೇಲೆ ಸಾರಿಗೆ ಹೊಸ ಕಾಯಿ ಹಾಕಿ ಅಡುಗೆ ಮಾಡುವುದಕ್ಕೆ ಯಾವ ತೊಂದರೆಯೂ ಇಲ್ಲ. ಅಪಾಯ ಇರುವುದು ಕಾಯಿಯನ್ನು ಹುದುಗಲು ಬಿಡುವುದರಲ್ಲಿ.

ಗಾಣದ ಶೇಂಗಾ ಹಿಂಡಿ ಆಗುತ್ತದೆಯೇ?

ಜಾವಾದಲ್ಲಿ ಆಗುತ್ತದೆ, ಕಪ್ಪು ಒಂಚೊಮ್ ಅದರದ್ದೇ. ನಮ್ಮಲ್ಲಿ ದನಕ್ಕೆ ಹಾಕಲೆಂದು ಮಾರುವ ಹಿಂಡಿಯಲ್ಲಿ ಮಾತ್ರ ಮಾಡಬೇಡಿ. ಮುಗ್ಗಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ, ಪಿತ್ತಜನಕಾಂಗಕ್ಕೆ ಕುತ್ತು ತರುವ ವಿಷ ಇರಬಹುದು, ಅದು ಹಿಂಡಿಯಲ್ಲೇ ಉಳಿಯುತ್ತದೆ. ಕಣ್ಣೆದುರೇ ಆರಿಸಿದ ಒಳ್ಳೆ ಬೀಜವನ್ನು ಗಾಣಕ್ಕೆ ಹಾಕಿಸಿ, ಅವತ್ತೇ ತಂದ ಹಿಂಡಿಯಾದರೆ ಸರಿ.

ಇದರಲ್ಲಿ ಬಿ12 ಇದೆಯಂತೆ, ಹೌದೇ?

ನೆಚ್ಚಿಕೊಳ್ಳಬೇಡಿ. ಇಂಡೊನೇಷ್ಯಾದ ಕೆಲವು ಟೆಂಪೆಗಳಲ್ಲಿ ಬಿ12 ಸಿಕ್ಕಿದ್ದು ಜೊತೆಗೆ ಸೇರಿಕೊಂಡ ಬ್ಯಾಕ್ಟೀರಿಯಾದಿಂದ, ಶಿಲೀಂಧ್ರದಿಂದಲ್ಲ. ಶುದ್ಧ ಹೆಪ್ಪಿನಿಂದ ಮನೆಯಲ್ಲಿ ಮಾಡಿದ್ದರಲ್ಲಿ ಅದು ಇರುತ್ತದೆ ಎನ್ನಲಾಗದು. ಸಸ್ಯಾಹಾರಿಗಳು ವೈದ್ಯರು ಹೇಳಿದ ಮಾತ್ರೆ ನಿಲ್ಲಿಸಬೇಡಿ. ಸೋಯಾ ಅಲರ್ಜಿ ಇರುವವರಿಗೆ ಗೆಂಬುಸ್ಸೂ ಬೇಡ.

ಅಡುಗೆ ಹೇಗೆ?

ಹಸಿಯಾಗಿ ತಿನ್ನಬಾರದು, ಇದು ಮೊದಲ ಮಾತು.

ಮಧ್ಯ ಜಾವಾದವರ ಬಾಚೆಮ್ ನಮ್ಮ ನಾಲಿಗೆಗೆ ಬೇಗ ಹಿಡಿಸುತ್ತದೆ. ಬೆಲ್ಲ, ಹುಣಸೆ ರಸ, ಕೊತ್ತಂಬರಿ ಬೀಜ, ಬೆಳ್ಳುಳ್ಳಿ, ಸಣ್ಣ ಈರುಳ್ಳಿ, ಉಪ್ಪು ರುಬ್ಬಿ ನೀರಿನಲ್ಲಿ ಕಲಸಿ, ಗೆಂಬುಸ್ ತುಂಡುಗಳನ್ನು ಅದರಲ್ಲಿ ಸಣ್ಣ ಉರಿಯಲ್ಲಿ ರಸ ಇಂಗುವವರೆಗೆ ಬೇಯಿಸುತ್ತಾರೆ. ಸ್ಪಂಜಿನಂತೆ ಎಲ್ಲ ಹೀರಿಕೊಳ್ಳುತ್ತದೆ. ಆರಿಸಿ, ಸ್ವಲ್ಪ ಎಣ್ಣೆಯಲ್ಲಿ ಬಾಡಿಸಿದರೆ ಅಂಚು ಗರಿಗರಿ, ಒಳಗೆ ಪುಳಿಯೋಗರೆಯ ಗೊಜ್ಜನ್ನು ನೆನಪಿಸುವ ಸಿಹಿಹುಳಿ.

ಸುಂಡಾ ಕಡೆಯ ತುತುಗ್ ಒಂಚೊಮ್ ತಾಸಿಕ್‌ಮಲಾಯದ ಹೆಮ್ಮೆ. ಒಂಚೊಮ್ಮನ್ನು ಕೆಂಡದಲ್ಲಿ ಸುಟ್ಟು, ಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿ ಕುಲದ ಕೆಂಚೂರ್ ಗಡ್ಡೆ, ಉಪ್ಪಿನೊಂದಿಗೆ ಕುಟ್ಟಿ ಬಿಸಿ ಅನ್ನಕ್ಕೆ ಕಲಸುತ್ತಾರೆ. ಗೆಂಬುಸ್‌ನಿಂದಲೂ ಮಾಡಬಹುದು, ಕೆಂಚೂರ್ ಇಲ್ಲದಿದ್ದರೆ ಸ್ವಲ್ಪ ಶುಂಠಿ. ಚೊಂಬ್ರೊ ಎಂಬ ಬೋಂಡಾಕ್ಕೆ ತುರಿದ ಮರಗೆಣಸಿನೊಳಗೆ ಖಾರದ ಒಂಚೊಮ್ ಪಲ್ಯ ತುಂಬಿ ಕರಿಯುತ್ತಾರೆ. ಆ ಹೆಸರಿನ ಅರ್ಥವೇ ‘ಒಳಗೆ ಒಂಚೊಮ್’. ಲೆಉಂಚ ಕಾಯಿಯ ಜೊತೆಗೂ ಬೇಯಿಸುತ್ತಾರೆ. ಅದು ನಮ್ಮ ಗಣಿಕೆ ಸೊಪ್ಪಿನ ಗಿಡದ ಹತ್ತಿರದ ಸಂಬಂಧಿ, ಸ್ವಲ್ಪ ಕಹಿ. ಅಲ್ಲಿ ಹಸಿರು ಕಾಯಿಯನ್ನೇ ತಿನ್ನುತ್ತಾರೆಂದು ನಮ್ಮ ಬೇಲಿಯ ಗಿಡದಿಂದ ಹಸಿರು ಕಾಯಿ ಕಿತ್ತು ಹಾಕಬೇಡಿ, ಎಲ್ಲ ಜಾತಿಯವೂ ತಿನ್ನಲು ಆಗುವುದಿಲ್ಲ. ಗಣಿಕೆ ಸೊಪ್ಪನ್ನೇ ಬೇಯಿಸಿ ಸೇರಿಸಿ.

ಎಷ್ಟು ದಿನ ಇಡಬಹುದು?

ಹಾಗೇ ಹೊರಗಿಟ್ಟರೆ ಶಿಲೀಂಧ್ರ ನಿಲ್ಲುವುದಿಲ್ಲ, ಮರುದಿನ ಅಮೋನಿಯಾ ಶುರು. ಆದ ಕೂಡಲೇ ಹತ್ತು ನಿಮಿಷ ಹಬೆಯಲ್ಲಿ ಬೇಯಿಸಿ ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ. ಫ್ರೀಜರಿನಲ್ಲಿ ಒಂದೆರಡು ತಿಂಗಳು.

ಸೋಯಾ ಹಾಲು ಮಾಡದವರು ಚರಟ ಎಲ್ಲಿಂದ ತರುವುದು?

ಬೀದರ್, ಬೆಳಗಾವಿ, ಧಾರವಾಡದ ಕಡೆ ಸೋಯಾ ಬೆಳೆಯುವವರಿಗೆ ಕಾಳೇ ಮನೆಯಲ್ಲಿದೆ, ಹಾಲು ಹಿಂಡಿದರೆ ಚರಟ ಸಿಕ್ಕಿತು. ಪೇಟೆಯವರು ತೋಫು ಮಾಡುವ ಸಣ್ಣ ಘಟಕಗಳನ್ನು ಕೇಳಿ. ಸಾಮಾನ್ಯವಾಗಿ ಅದು ದನದ ಕೊಟ್ಟಿಗೆಗೆ ಹೋಗುತ್ತಿರುತ್ತದೆ. ಒಮ್ಮೆ ನನಗೆ ಒಂದು ಕಡೆ ಹಿಂದಿನ ದಿನದ ಚರಟ ಕೊಟ್ಟಿದ್ದರು. ಬೇಯಿಸಿದರೂ ಹುಳಿ ವಾಸನೆ ಹೋಗಲಿಲ್ಲ, ಎರಡು ಕಿಲೋ ಪೂರ್ತಿ ಗೊಬ್ಬರದ ಗುಂಡಿಗೆ ಹಾಕಬೇಕಾಯಿತು. ಅಂದಿನಿಂದ ಹಿಂಡುವ ಹೊತ್ತು ಕೇಳಿಕೊಂಡು, ಸ್ಟೀಲ್ ಡಬ್ಬಿ ಹಿಡಿದು ಬೆಳಿಗ್ಗೆಯೇ ಹೋಗುತ್ತೇನೆ. ಡಬ್ಬಿಯ ಸುತ್ತ ಐಸ್ ಇಟ್ಟ ಚೀಲ, ಮನೆಗೆ ಬಂದ ತಕ್ಷಣ ಇಡ್ಲಿ ಪಾತ್ರೆಗೆ. ಬೇಸಿಗೆಯಲ್ಲಿ ಹಿಂಡಿದ ಎರಡು ಗಂಟೆಯೊಳಗೆ ಅದು ಹಬೆ ಕಾಣಬೇಕು.